ಗ್ರಹಣಕ್ಕೂ ಮೊದಲೇ

"ಗ್ರಹಣದಾಗ ಈಳಿಗಿ ಮುಂದ ಕುಂತಿದ್ದಿ. ಅದಕ್ಕ ಹಿಂಗಾತು."

2023ರ ಯುಗಾದಿ ವಾರ ಮಗ ಹುಟ್ಟಿದಾಗ ಅತ್ತೆ ಅಂದ ಮಾತಿದು. ಅವನ ಎಡಗಡೆ ಮೇಲ್ದುಟಿ ಮೂಗಿನವರೆಗೂ ಸೀಳಿತ್ತು. ಒಳಗೆ ಅಂಗುಳವೂ ಕೂಡಿರಲಿಲ್ಲ. ಒಳಲೆಯಲ್ಲಿ ಹಾಕಿದ ಹಾಲು ಮೂಗಿನಿಂದ ಬರುತ್ತಿತ್ತು. ನಾನು ಎದುರು ಮಾತಾಡಲಿಲ್ಲ. ಉಳ್ಳಾಗಡ್ಡಿ ಹೆಚ್ಚಿದ್ದು ನಿಜವೇ ಆಗಿತ್ತಲ್ಲ. 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆಯ ಸಂಜೆ. ಆಗ ನನಗೆ ಐದನೇ ತಿಂಗಳು.

ಐದು ತಿಂಗಳ ಕೂಸನ್ನು ತುಟಿ ಹೊಲಿಸಲು ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಮೇಡಂ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲವಂತೆ. ಎರಡೂ ಕೆನ್ನೆ ಕಡೆಯಿಂದ ಒಂದೊಂದು ಉಬ್ಬು ನಡುವಿಗೆ ಸರಿದು ಬರುತ್ತವೆ. ಮೂಗಿನ ಕಡೆಯಿಂದ ಇಳಿದ ಉಬ್ಬುಗಳಿಗೆ ಅಂಟಿಕೊಳ್ಳುತ್ತವೆ. ನಮ್ಮೆಲ್ಲರ ಮೂಗಿನ ಕೆಳಗೆ ಸಣ್ಣ ಗುಳಿ ಇದೆಯಲ್ಲ, ಅದು ಆ ನಡುವಿನ ಭಾಗ. ಒಂದು ಬದಿ ಅಂಟದೇ ಉಳಿದರೆ ಸೀಳುತುಟಿ. ಗರ್ಭ ಕಟ್ಟಿದ ಐದರಿಂದ ಏಳನೇ ವಾರದೊಳಗೆ ಈ ಕೆಲಸ ಆಗಿಹೋಗುತ್ತದೆ.

ಅಂಗುಳದ ಸರದಿ ಆಮೇಲೆ. ಅದರ ಎರಡು ಹಲಗೆಗಳು ಮೊದಲು ನಾಲಿಗೆಯ ಆಚೀಚೆ ಇಳಿಬಿದ್ದಿರುತ್ತವೆ. ಎಂಟನೇ ವಾರದ ಸುಮಾರಿಗೆ ನಾಲಿಗೆ ಕೆಳಗೆ ಸರಿದು ದಾರಿ ಬಿಡುತ್ತದೆ. ಆಗ ಹಲಗೆಗಳು ಮೇಲೆದ್ದು ಅಡ್ಡಲಾಗಿ, ಮುಂದಿನಿಂದ ಹಿಂದಕ್ಕೆ ಕೂಡುತ್ತಾ ಹೋಗುತ್ತವೆ. ಕಿರುನಾಲಿಗೆ ಕೊನೆಗೆ. ಹನ್ನೆರಡನೇ ವಾರಕ್ಕೆ ಎಲ್ಲ ಮುಗಿದಿರುತ್ತದೆ.

ಬಾಗಲಕೋಟೆಗೆ ಬಂದವಳೇ ಹಳೇ ಕ್ಯಾಲೆಂಡರ್ ತೆಗೆದು ಎಣಿಸಿದೆ. ಪಂಚಮಿ ಉಂಡಿ ಕಟ್ಟಿದ ಮುಂದಿನ ಎರಡು ವಾರದಲ್ಲಿ ಅವನ ತುಟಿ ಕೂಡಬೇಕಿತ್ತು. ಗಣೇಶ ಚೌತಿಯ ಆಸುಪಾಸು ಅಂಗುಳ. ದಸರೆಯಲ್ಲಿ ಬನ್ನಿ ಕೊಡುವ ಹೊತ್ತಿಗೆ ಎರಡೂ ಮುಗಿದುಹೋದ ಮಾತು. ಗ್ರಹಣ ಬಂದದ್ದು ಅದಾಗಿ ಇಪ್ಪತ್ತು ದಿನಕ್ಕೆ.

ಹಾಗಾದರೆ ಕಾರಣ ಏನು? ಮನೆತನದಲ್ಲಿ ಬಂದ ಜೀನ್, ತಾಯಿಯ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಮೂರ್ಛೆರೋಗದ ಕೆಲವು ಮಾತ್ರೆಗಳು ಅಪಾಯ ಜಾಸ್ತಿ ಮಾಡುತ್ತವೆ. ಬಹಳ ಮಕ್ಕಳಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನನಗೂ ಸಿಗಲಿಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಒಂದೇ ಬದಿ ಸೀಳಿದ್ದರೆ ಅದು ಎಡಗಡೆಯೇ ಜಾಸ್ತಿ, ನನ್ನ ಮಗನ ಹಾಗೆ.

ಅತ್ತೆಗೆ ಕ್ಯಾಲೆಂಡರ್ ತೋರಿಸಿದೆ. ಪಂಚಮಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು.

"ಆವಾಗ ನೀ ಬಸರಿ ಅಂತ ನಮಗ ಗೊತ್ತ ಇರಲಿಲ್ಲಲ್ಲ ಯವ್ವಾ" ಅಂದರು.