ಕರಿಚಿರತೆ ಸಿಗಲಿಲ್ಲ, ಎರಡು ಸೆಕೆಂಡ್ ಹಳದಿ ಸಿಕ್ಕಿತು

ಮೈಕೆಲ್ ಜಾಕ್ಸನ್ ವಿಡಿಯೊದ ಕರಿಚಿರತೆ ಹೋಗಿಬಿಟ್ಟಿದೆ, ಇನ್ನು ಸಿಗೋದಿಲ್ಲ. ಆದರೆ ಅದು ಮಾವನ ಹಳೇ ವಿಡಿಯೊ ಕ್ಯಾಸೆಟ್‌ನಲ್ಲಿ ಇತ್ತು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು. ನಿನ್ನೆ ರಾತ್ರಿ ಒಂದೂವರೆಗೆ ಕುರ್ಚಿಯಿಂದ ಎದ್ದು ಕುಣಿದೆ. ಹೆಂಡತಿ ಬಾಗಿಲ ತನಕ ಬಂದು ನೋಡಿದಳು. ಏನೂ ಕೇಳದೆ ಹಾಲ್‌ನ ದೀಪ ಆರಿಸಿ ವಾಪಸ್ ಹೋದಳು.

ಹೊಸಬರಿಗೆ ಎರಡು ಮಾತು. ಮೈಕೆಲ್ ಜಾಕ್ಸನ್ ಪರದೆಯ ಮೇಲೆ ಬಂದದ್ದನ್ನೆಲ್ಲ ಪಟ್ಟಿ ಮಾಡುವ ಕೆಲಸ ಇದು. 1969ರ ಡಿಸೆಂಬರ್‌ನಲ್ಲಿ ಅಣ್ಣಂದಿರ ಜೊತೆ ಎಡ್ ಸಲಿವನ್ ಶೋಗೆ ಬಂದ ಪುಟ್ಟ ಹುಡುಗನಿಂದ ಹಿಡಿದು, ತೀರಿಕೊಂಡ ಮೇಲೆ 2009ರಲ್ಲಿ ಬಂದ 'ದಿಸ್ ಈಸ್ ಇಟ್' ತನಕ. ರಿಜಿಸ್ಟರ್‌ನಲ್ಲಿ ಮೂರು ಕಾಲಂ: ಹಾಡಿನ ವಿಡಿಯೊ, ಟಿವಿ, ಸಿನಿಮಾ. ಸುಲಭ ಅಂದುಕೊಂಡಿದ್ದೆ. 'ದ ವಿಜ್' ಸುಲಭ, 1978, ಸಿನಿಮಾ, ಬೆದರುಬೊಂಬೆಯ ಪಾತ್ರ, ಮುಗೀತು. ಆದರೆ 'ಕ್ಯಾಪ್ಟನ್ ಇಒ' ಎಲ್ಲಿ ಹಾಕೋದು? 17 ನಿಮಿಷದ ತ್ರೀಡಿ, ಕೊಪ್ಪೊಲಾ ನಿರ್ದೇಶನ, ತೋರಿಸಿದ್ದು ಡಿಸ್ನಿ ಪಾರ್ಕ್‌ಗಳಲ್ಲಿ. 'ಘೋಸ್ಟ್ಸ್' 39 ನಿಮಿಷ, ಒಬ್ಬನದೇ ಐದು ವೇಷ. ಇನ್ನು 1991ರ ಸೆಪ್ಟೆಂಬರ್‌ನಲ್ಲಿ ಸಿಂಪ್ಸನ್ಸ್ ಕಾರ್ಟೂನಿನ ಒಂದು ಕಂತಿಗೆ ದನಿ ಕೊಟ್ಟಿದ್ದಾರಲ್ಲ, ಅಲ್ಲಿ ಮುಖ ಇಲ್ಲ, ಹೆಸರೂ ಜಾನ್ ಜೇ ಸ್ಮಿತ್ ಅಂತ. ಇದಕ್ಕೆ 'ಇತರೆ' ಅಂತ ನಾಲ್ಕನೇ ಕಾಲಂ ಎಳೆದೆ. ಸರ್ಕಾರಿ ಅರ್ಜಿಯ ಹಾಗೆ.

ನಿಜವಾದ ತಲೆನೋವು ಒಂದೇ ವಿಡಿಯೊದ ಬೇರೆ ಬೇರೆ ರೂಪಗಳು. 'ಬ್ಯಾಡ್' ಪೂರ್ತಿ ನೋಡಿದರೆ 18 ನಿಮಿಷ, ಸ್ಕೊರ್ಸೇಸಿ ನಿರ್ದೇಶನ, ಮೊದಲರ್ಧ ಕಪ್ಪು ಬಿಳುಪು ಕಥೆ. ಟಿವಿಯಲ್ಲಿ ಬರುತ್ತಿದ್ದದ್ದು ಬಣ್ಣದ ಕುಣಿತ ಮಾತ್ರ. 1996ರಲ್ಲಿ ಸ್ಪೈಕ್ ಲೀ ಒಂದೇ ಹಾಡಿಗೆ ಎರಡು ವಿಡಿಯೊ ಮಾಡಿಕೊಟ್ಟರು, ಒಂದು ಬ್ರೆಜಿಲ್‌ನ ಬೀದಿಯದು, ಇನ್ನೊಂದು ಜೈಲಿನದು. ಅಧಿಕೃತ ಪ್ರತಿಗಳು ಈಗ ಚೆನ್ನಾಗೇ ಸಿಗುತ್ತವೆ. ನನಗೆ ಬೇಕಿದ್ದದ್ದು ನಮ್ಮ ಕಡೆ ಕೇಬಲ್‌ನಲ್ಲಿ ಯಾವ ರೂಪ ಬರುತ್ತಿತ್ತು ಅನ್ನೋದು. ಅದಕ್ಕೇ ಮಾವನ ಅಟ್ಟದ ಕ್ಯಾಸೆಟ್‌ಗಳು.

ಶಿವಮೊಗ್ಗದ ಮಳೆಗಾಲಗಳನ್ನು ಅಟ್ಟದಲ್ಲೇ ಕಳೆದ ವಿಎಚ್‌ಎಸ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಬೂಷ್ಟು ತೆಗೆದದ್ದು, ಟೇಪನ್ನು ಬೇರೆ ಡಬ್ಬಿಗೆ ಹಾಕಿದ್ದು, ಹಿಂದೆ ಮುಂದೆ ಸುತ್ತಿದ್ದು ಇದನ್ನೆಲ್ಲ ಬಿಟ್ಟುಬಿಡುತ್ತೇನೆ. ಹದಿನಾಲ್ಕರಲ್ಲಿ ಹನ್ನೊಂದು ಉಳಿದವು. ಏಳನೆಯದರ ಮೇಲೆ ಮಾವನ ಅಕ್ಷರ: 'ಮೈಕಲ್ - ಅಳಿಸಬೇಡಿ'. ಎರಡು ಗೆರೆ ಬೇರೆ ಎಳೆದಿದ್ದಾರೆ.

ಅದರಲ್ಲಿ ಇದ್ದದ್ದು 'ಬ್ಲ್ಯಾಕ್ ಆರ್ ವೈಟ್'.

ಈ ವಿಡಿಯೊದ ಕಥೆ ಬಹುಪಾಲು ಜನಕ್ಕೆ ಗೊತ್ತು, ಆದರೂ ಲೆಕ್ಕಕ್ಕೆ ಬೇಕು. 1991ರ ನವೆಂಬರ್ 14ರಂದು 27 ದೇಶಗಳಲ್ಲಿ ಒಟ್ಟಿಗೆ ಬಂತು. 50 ಕೋಟಿ ಜನ ನೋಡಿದರು ಅಂತ ಆಗ ಹೇಳಿದ್ದರು. ನಿರ್ದೇಶಕ ಜಾನ್ ಲ್ಯಾಂಡಿಸ್, 'ಥ್ರಿಲ್ಲರ್' ಮಾಡಿದವರೇ. ಒಡಿಸ್ಸಿ ನರ್ತಕಿಯ ಜೊತೆ ನಡುರಸ್ತೆಯಲ್ಲಿ ಕುಣಿಯೋದು, ಆಮೇಲೆ ಒಂದು ಮುಖ ಕರಗಿ ಇನ್ನೊಂದು ಮುಖ ಆಗೋದು. ಹಾಡು ಅಲ್ಲಿಗೆ ಮುಗಿಯುತ್ತೆ. ಪೂರ್ತಿ ರೂಪ ಸುಮಾರು 11 ನಿಮಿಷ. ಹಾಡು ಮುಗಿದ ಮೇಲೆ ಒಂದು ಕರಿಚಿರತೆ ಮೆಟ್ಟಿಲಿಳಿದು ಬೀದಿಗೆ ಬಂದು ಜಾಕ್ಸನ್ ಆಗುತ್ತೆ. ಅಲ್ಲಿಂದ ಸಂಗೀತವೇ ಇಲ್ಲದ ಕುಣಿತ, ಕಾರಿನ ಗಾಜು ಒಡೆಯೋದು, ಬಟ್ಟೆ ಹರಿದುಕೊಳ್ಳೋದು. ಮಕ್ಕಳು ನೋಡುತ್ತಾರೆ, ಇದೇನು ಅಂತ ಗಲಾಟೆ ಆಯಿತು. ಜಾಕ್ಸನ್ ಕ್ಷಮೆ ಕೇಳಿ ಆ ಸುಮಾರು ನಾಲ್ಕು ನಿಮಿಷ ತೆಗೆಸಿದರು. ಮುಂದೆ ಇನ್ನೊಂದು ರೂಪವೂ ಬಂತು. ಅದರಲ್ಲಿ ಗಾಜುಗಳ ಮೇಲೆ ಜನಾಂಗ ದ್ವೇಷದ ಬರಹ ಸೇರಿಸಿದ್ದರು, ಒಡೆಯೋದಕ್ಕೆ ಒಂದು ಕಾರಣ ಇರಲಿ ಅಂತ.

ಹಾಗಾಗಿ ರಿಜಿಸ್ಟರ್‌ನಲ್ಲಿ ಇದಕ್ಕೆ ಮೂರು ಸಾಲು. ಮಾವನ ಕ್ಯಾಸೆಟ್ ಯಾವ ಸಾಲಿಗೆ?

ನನ್ನ ಟೇಪ್‌ನಲ್ಲಿ ಆಗೋದು ಹೀಗೆ. ಮುಖಗಳು ಬದಲಾಗುತ್ತಾ ಬರುತ್ತವೆ. ಕೊನೆಯ ಮುಖ ನಗುತ್ತಿರುವಾಗಲೇ ಪರದೆ ಜರ್ ಅಂತ ಅದುರುತ್ತೆ, ಕಾಮನಬಿಲ್ಲಿನ ಬಣ್ಣ ಕಲಸಿದ ಹಾಗಾಗುತ್ತೆ, ಪಟ್ಟಂತ ಬೆಂಗಳೂರು ದೂರದರ್ಶನದ ಚಿತ್ರಮಂಜರಿ! ಅಣ್ಣಾವ್ರ ಹಾಡು. ಪೂರ್ತಿ ಹಾಡು, ಮುಂದಿನ ಹಾಡಿನ ಒಂದು ಚೂರು, ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಆಮೇಲೆ ನೀಲಿ ಪರದೆ, ಏಳೆಂಟು ಸೆಕೆಂಡ್. ಆಮೇಲೆ ಮತ್ತೆ ಎಂಟಿವಿ, ಪಟಪಟ ಇಂಗ್ಲಿಷ್ ಮಾತಾಡುವ ವೀಜೆ.

ಮನೆಯಲ್ಲಿ ಯಾರೋ ಮೇಲೆ ರೆಕಾರ್ಡ್ ಮಾಡಿದ್ದಾರೆ, ಅದು ಗೊತ್ತಾಯಿತು. ಆದರೆ ಕೆಳಗೆ ಏನಿತ್ತು? ಕತ್ತರಿಸಿದ ರೂಪ ಮುಗಿದು ಇನ್ಯಾವುದೋ ಹಾಡು ಬಂದಿತ್ತಾ? ಅಥವಾ ಚಿರತೆ ಇತ್ತಾ? ಐದು ನಿಮಿಷಕ್ಕೆ ಎರಡೂ ಹೊಂದುತ್ತೆ. ನಾನು ಜಾಣನ ಹಾಗೆ 'ಕತ್ತರಿಸಿದ ರೂಪ' ಅಂತ ಇಂಕ್ ಪೆನ್ನಿನಲ್ಲಿ ಬರೆದೂ ಬಿಟ್ಟೆ.

ನಿದ್ದೆ ಬರಲಿಲ್ಲ. ಕಬಿನಿಗೆ ಹೋದರೆ ಕರಿಚಿರತೆ ಕಂಡರೂ ಕಾಣಬಹುದು, ನನ್ನ ಕ್ಯಾಸೆಟ್‌ನಲ್ಲಿ ಕಾಣೋದಿಲ್ಲ ಅಂದರೆ ಏನು ಹಣೆಬರಹ.

ಕೊನೆಗೆ ಕ್ಯಾಸೆಟ್ ಓಡಿಸುವ ವಿಸಿಆರ್‌ನ ಮುಚ್ಚಳ ತೆಗೆದು ಟೇಪ್ ಹೋಗುವ ದಾರಿ ನೋಡುತ್ತಾ ಕೂತೆ. ಟೇಪು ಮೊದಲು ಅಳಿಸುವ ಹೆಡ್ಡಿನ ಮುಂದೆ ಹೋಗುತ್ತೆ, ಆಮೇಲೆ ಚಿತ್ರ ಬರೆಯುವ, ತಿರುಗುವ ಡ್ರಮ್ಮಿಗೆ ಬರುತ್ತೆ. ಎರಡರ ನಡುವೆ ಒಂದಷ್ಟು ಸೆಂಟಿಮೀಟರ್ ದೂರ. ನಮ್ಮ ಕಡೆಯ ಟಿವಿ ಪದ್ಧತಿಯ (ಪಾಲ್) ವಿಎಚ್‌ಎಸ್ ಟೇಪು ಸೆಕೆಂಡಿಗೆ ಸುಮಾರು 2.34 ಸೆಂ.ಮೀ. ಓಡುತ್ತೆ, ಅಂದರೆ ಆ ದಾರಿಗೆ ಕೆಲವು ಸೆಕೆಂಡ್ ಬೇಕು. ರೆಕಾರ್ಡ್ ಒತ್ತಿದಾಗ ಆ ನಡುವಿನ ತುಂಡು ಅಳಿಸಿರೋದಿಲ್ಲ, ಹಳೆಯದರ ಮೇಲೇ ಹೊಸದು ಕೂರುತ್ತೆ. ಕಾಮನಬಿಲ್ಲು ಬರೋದು ಅದಕ್ಕೇ. ಸ್ಟಾಪ್ ಒತ್ತಿದಾಗ ಉಲ್ಟಾ. ನಡುವಿನ ತುಂಡು ಅಳಿಸಿರುತ್ತೆ, ಆದರೆ ಅದರ ಮೇಲೆ ಏನೂ ಬರೆದಿರೋದಿಲ್ಲ. ಅಲ್ಲಿ ಖಾಲಿ, ಬರೀ ಇರುವೆ ಹರಿದಾಡಿದ ಹಾಗೆ ಚುಕ್ಕಿ. ಇದು ನಮಗೆಲ್ಲ ಗೊತ್ತಿರೋದೇ. ನನಗೆ ಹೊಳೆದದ್ದು ಬೇರೆ: ಖಾಲಿ ತುಂಡು ಮೂರು ನಾಲ್ಕು ಸೆಕೆಂಡ್ ಇರಬೇಕು, ನನ್ನ ನೀಲಿ ಪರದೆ ಏಳೆಂಟು ಸೆಕೆಂಡ್ ಯಾಕಿದೆ?

ಯಾಕೆಂದರೆ ಆ ನೀಲಿ ಟೇಪಿನದಲ್ಲ, ವಿಸಿಆರ್‌ನದು. ಸಿಗ್ನಲ್ ಕೆಟ್ಟ ತಕ್ಷಣ ಅದು ಮರ್ಯಾದೆ ಕಾಪಾಡೋಕೆ ನೀಲಿ ಸೆರಗು ಎಳೆಯುತ್ತೆ. ಸಿಗ್ನಲ್ ವಾಪಸ್ ಬಂದರೂ, ಸರಿಯಾಗಿ ಬಂತಾ ಅಂತ ಖಾತ್ರಿ ಆಗೋ ತನಕ ಸೆರಗು ಬಿಡೋದಿಲ್ಲ. ಅಂದರೆ ಹಳೆಯ ರೆಕಾರ್ಡಿಂಗಿನ ಮೂರು ನಾಲ್ಕು ಸೆಕೆಂಡ್ ಆ ನೀಲಿಯ ಹಿಂದೆ ಇದೆ!

ಮೆನುವಿನಲ್ಲಿ ನೀಲಿ ಆಫ್ ಮಾಡೋಣ ಅಂದರೆ ನನ್ನ ವಿಸಿಆರ್‌ಗೆ ಆ ಸೌಕರ್ಯ ಇಲ್ಲ. ಬೇರೆ ಮೆಷಿನ್ ಬೇಕು. ಇಲ್ಲಿಂದ ಶುರು ನೋಡಿ ವ್ಯಾಪಾರಿಗಳ ಪುರಾಣ. ಒಬ್ಬ ಮಹಾಶಯ ಆನ್‌ಲೈನ್‌ನಲ್ಲಿ ವಿಸಿಆರ್ ಬೆಲ್ಟ್ ಸೆಟ್ ಅಂತ ಕಳಿಸಿದ್ದು ಟೇಪ್ ರೆಕಾರ್ಡರ್ ಬೆಲ್ಟ್. ಮಿಕ್ಸಿ ಮುಚ್ಚಳಕ್ಕೂ ಆಗಲಿಲ್ಲ. ಇನ್ನೊಬ್ಬರು ಎಸ್‌ಪಿ ರೋಡಿನವರು. 'ಸಾರ್, ಫುಲ್ ಸರ್ವಿಸ್ ಆಗಿದೆ, ಕಣ್ಮುಚ್ಚಿ ತಗೊಳ್ಳಿ' ಅಂದರು. ಕಣ್ಮುಚ್ಚಿಯೇ ತಗೊಂಡೆ. ಮುಚ್ಚಳ ತೆಗೆದರೆ ಒಳಗೆ ಎರಡು ಹಲ್ಲಿಮೊಟ್ಟೆ ಸಿಪ್ಪೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಕಲ್ಲಿನ ಹಾಗೆ ಗಟ್ಟಿ. ಫೋನ್ ಮಾಡಿ ಬೈದೆ. 'ಹಳೇ ಮಾಡೆಲ್ ಸಾರ್, ನೀಲಿ ಗೀಲಿ ಏನೂ ಬರಲ್ಲ, ಅದಕ್ಕೇ ಕಮ್ಮಿ ರೇಟು' ಅಂತ ಅವರೂ ಬೈದರು. ನಾನು ಫೋನ್ ಹಿಡಿದುಕೊಂಡೇ ನಿಂತೆ. 'ಏನಂದ್ರಿ?' 'ನೀಲಿ ಬರಲ್ಲ ಸಾರ್.' ಥ್ಯಾಂಕ್ಸ್ ಹೇಳಿ ಇಟ್ಟೆ.

ನನ್ನ ಮೊದಲಿನ ಮೆಷಿನ್‌ನ ರೋಲರ್ ಇದಕ್ಕೆ ಸೇರಿಸಿ, ತಿಕ್ಕಿ ತೊಳೆದು, ಮೂರು ಭಾನುವಾರ ಹೋಯಿತು. ಕಂಪ್ಯೂಟರ್‌ಗೆ ಹಾಕಿದರೆ, ಟೇಪಿನ ಚಿತ್ರ ಕಂಪ್ಯೂಟರ್‌ಗೆ ಇಳಿಸುವ ಕ್ಯಾಪ್ಚರ್ ಡಬ್ಬಿ ಅದೇ ಜಾಗದಲ್ಲಿ ಕೈ ಎತ್ತಿತು, ಅದಕ್ಕೂ ಚುಕ್ಕಿ ಅಂದರೆ ಅಲರ್ಜಿ. ನಡುವೆ ಡಿವಿಡಿ ರೆಕಾರ್ಡರ್ ಇಟ್ಟು ಸಿಗ್ನಲ್ ದಾಟಿಸುವ ಉಪಾಯ ನೆನಪಿಗೆ ಬಂತು, ಆದರೆ ಅದರ ರಿಮೋಟ್ ಸಿಗಲಿಲ್ಲ. ತಲೆಕೆಟ್ಟು, ರೂಮಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಡಬ್ಬಾ ಟಿವಿಗೇ ನೇರ ಸಿಕ್ಕಿಸಿದೆ. ಆ ಕಾಲದ ಟಿವಿಗೆ ನಾಚಿಕೆ ಇಲ್ಲ, ಏನು ಬಂದರೂ ತೋರಿಸುತ್ತೆ. ಮೊಬೈಲ್ ಕ್ಯಾಮೆರಾ ಎದುರಿಗಿಟ್ಟೆ.

ಅಣ್ಣಾವ್ರ ಹಾಡು. ಮುಂದಿನ ಹಾಡಿನ ಚೂರು. ಚುಕ್ಕಿ, ಚುಕ್ಕಿ, ಚುಕ್ಕಿ. ಒಂದು ಅದುರು. ಹಳದಿ.

ಮೊಬೈಲ್‌ನಲ್ಲಿ ನಿಧಾನ ಮಾಡಿ ನೋಡಿದೆ. ಚಿತ್ರ ಮೇಲಕ್ಕೆ ಉರುಳುತ್ತಿದೆ, ಕೆಳಗೆ ಕಾಲು ಭಾಗ ಹರಿದ ಹಾಗಿದೆ. ಆದರೂ ಆ ತಲೆ ಯಾರದ್ದು ಅಂತ ಕೇಳಬೇಕಾಗಿಲ್ಲ. ಗರಗಸದ ಹಲ್ಲಿನ ಹಾಗೆ ನೆಟ್ಟಗೆ ನಿಂತ ಕೂದಲು. ಬಾರ್ಟ್ ಸಿಂಪ್ಸನ್! ಪೂರ್ತಿ ರೂಪದ ಕೊನೆಯಲ್ಲಿ, ಚಿರತೆಯ ಭಾಗ ಮುಗಿದ ಮೇಲೆ, ಇದನ್ನೆಲ್ಲ ಬಾರ್ಟ್ ಟಿವಿಯಲ್ಲಿ ನೋಡುತ್ತಿರುತ್ತಾನೆ. ಅಪ್ಪ ಹೋಮರ್ ಬಂದು ಸಿಟ್ಟಿನಲ್ಲಿ ಟಿವಿ ಆರಿಸುತ್ತಾನೆ. ಬಾರ್ಟ್ ಇದ್ದ ಅಂದರೆ ಅವನ ಹಿಂದಿನ ನಾಲ್ಕು ನಿಮಿಷ ಚಿರತೆಯೂ ಇತ್ತು. ಶಿವಮೊಗ್ಗದ ನಮ್ಮ ಮಾವನ ಮನೆಗೆ ಕತ್ತರಿಸದ ರೂಪವೇ ಬಂದಿತ್ತು. ಕುಣಿದದ್ದು ಆಗಲೇ.

ಇಂಕ್ ಪೆನ್ನಿನಲ್ಲಿ ಬರೆದದ್ದನ್ನು ಬ್ಲೇಡಿನಲ್ಲಿ ಕೆರೆದೆ. ಕಾಗದ ತೂತಾಯಿತು.

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. 'ಅಳಿಸಬೇಡಿ ಅಂತ ಬರೆದಿದ್ದ ಕ್ಯಾಸೆಟ್ ಮೇಲೆ ಚಿತ್ರಮಂಜರಿ ಯಾರು ಹಾಕಿದ್ದು ಅತ್ತೆ?'

'ನಾನೇ.' ಒಂದು ಚೂರೂ ಅಳುಕಿಲ್ಲ. 'ಅದೇ ಕಾರಿನ ಗಾಜು ಒಡೆಯೋದಲ್ವಾ? ನಮ್ಮ ಪುಟ್ಟ ಅದನ್ನ ದಿನಾ ನೋಡಿ ನೋಡಿ ಪಕ್ಕದ ಮನೆ ಸ್ಕೂಟರ್ ಕನ್ನಡಿಗೆ ಬ್ಯಾಟ್ ಬೀಸಿದ್ದ. ನಿಮ್ಮ ಮಾವ ಊರಲ್ಲಿ ಇರಲಿಲ್ಲ. ಸರಿಯಾಗಿ ಆ ಜಾಗಕ್ಕೆ ತಂದು ನಿಲ್ಲಿಸಿದೆ, ಹಾಡು ಬಂತು, ಒತ್ತಿದೆ.'

ಅಂದರೆ ಅಮೆರಿಕದಲ್ಲಿ ಗಲಾಟೆ ಆದ ಮೇಲೆ ಕತ್ತರಿಸಿದ ಅದೇ ನಾಲ್ಕು ನಿಮಿಷವನ್ನು, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಅದೇ ಕಾರಣಕ್ಕೆ, ಅತ್ತೆಯೂ ಕತ್ತರಿಸಿದ್ದಾರೆ. ಶುರುವಾಗುವ ಜಾಗ ನೋಡಿ, ಕೊನೆಯ ಮುಖ ಇನ್ನೂ ನಗುತ್ತಿದೆ. ಅಷ್ಟು ಕರಾರುವಾಕ್ಕಾಗಿ ನನಗೆ ಇವತ್ತು ಕಂಪ್ಯೂಟರ್‌ನಲ್ಲೂ ಕತ್ತರಿಸೋಕೆ ಬರೋದಿಲ್ಲ. ಕೊನೆಯಲ್ಲಿ ಎರಡು ಸೆಕೆಂಡ್ ಬೇಗ ನಿಲ್ಲಿಸಿದರು, ಅದೊಂದೇ ತಪ್ಪು. ರಿಜಿಸ್ಟರ್‌ನಲ್ಲಿ ನಾಲ್ಕನೇ ಸಾಲು ಎಳೆದು 'ಅತ್ತೆ ರೂಪ' ಅಂತ ಬರೆದೆ. ಸಿಂಪ್ಸನ್ಸ್‌ಗೆ ಬೇರೆ ಕಾಲಂ ಮಾಡಿದ್ದೆನಲ್ಲ, ಅಲ್ಲಿಂದ ಇಲ್ಲಿಗೆ ಒಂದು ಬಾಣದ ಗುರುತೂ ಹಾಕಿದೆ.

ಈ ನಡುವೆ ಮುಂದಿನ ಕೆಲಸ ತಲೆಯೊಳಗೆ ಕೂತಾಗಿದೆ. ಪ್ರಭುದೇವ. ಮೈಸೂರಿನಲ್ಲಿ ಹುಟ್ಟಿದವರು, ತಂದೆ ಮೂಗೂರು ಸುಂದರ್. 1994ರ 'ಕಾದಲನ್' ಬಂದಮೇಲೆ ಭಾರತದ ಮೈಕಲ್ ಅಂತ ಎಲ್ಲರೂ ಕರೆದರು, ಆದರೆ ಅದಕ್ಕೂ ಮುಂಚೆ ಹೀರೊ ಆಗದೆ ಒಂದು ಹಾಡಿಗೆ ಮಾತ್ರ ಬಂದು ಕುಣಿದು ಹೋದದ್ದಿದೆಯಲ್ಲ, 1988ರ 'ಅಗ್ನಿ ನಕ್ಷತ್ರಂ' ತರಹದ್ದು, ಅದನ್ನೆಲ್ಲ ಒಂದು ಕಡೆ ಸೇರಿಸಬೇಕು. ಕಾಲಂ ಎಷ್ಟು ಅಂತ ಈ ಸಲ ಮೊದಲೇ ಯೋಚಿಸುತ್ತೇನೆ. 'ಸ್ಮೂತ್ ಕ್ರಿಮಿನಲ್' ಹಾಡಿನಲ್ಲಿ ಬೀಳದೆ ಮುಂದಕ್ಕೆ ವಾಲುತ್ತಾರಲ್ಲ, ಅಂಥ ಬೂಟು ಮಾಡುವ ಯೋಜನೆ ಸದ್ಯಕ್ಕೆ ಅಟ್ಟಕ್ಕೆ. ವಿಡಿಯೊದಲ್ಲಿ ತಂತಿ ಕಟ್ಟಿದ್ದರು, ವೇದಿಕೆಗೆ ಅಂತ ಹಿಮ್ಮಡಿ ನೆಲದ ಮೊಳೆಗೆ ಸಿಕ್ಕಿಕೊಳ್ಳುವ ಬೂಟಿಗೆ 1993ರಲ್ಲಿ ಪೇಟೆಂಟ್ ತೆಗೆದುಕೊಂಡರು. ಆ ಚಿತ್ರ ತೋರಿಸಿದಾಗ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು, 'ಮಾಡಿಕೊಡ್ತೀನಿ, ಮೂಗು ಒಡೆದರೆ ನನ್ನ ಕೇಳ್ಬೇಡಿ' ಅಂದಿದ್ದಾರೆ.

ಫೋನ್ ಇಡೋ ಮುಂಚೆ ಅತ್ತೆ ಕೇಳಿದರು, 'ಆ ಅಣ್ಣಾವ್ರ ಹಾಡು ಇನ್ನೂ ಇದ್ಯಾ? ಮೊಬೈಲ್‌ಗೆ ಕಳಿಸೋ.'

ಡಿವಿಡಿ ರೆಕಾರ್ಡರ್‌ನ ರಿಮೋಟ್ ಇವತ್ತು ಸಂಜೆ ಸೋಫಾ ಸಂದಿಯಲ್ಲಿ ಸಿಕ್ಕಿತು. ಹಾಡನ್ನು ಸರಿಯಾಗಿ ಇಳಿಸಿಕೊಂಡು, ಬಣ್ಣ ಸ್ವಲ್ಪ ಸರಿಮಾಡಿ ಕಳಿಸಿದೆ. ಮೊದಲ ಮೂರು ಸೆಕೆಂಡಿನ ಕಾಮನಬಿಲ್ಲನ್ನು ಮುಟ್ಟಲಿಲ್ಲ, ಚಿರತೆ ಉಳಿದಿರೋದು ಅಷ್ಟರಲ್ಲೇ. ಹತ್ತು ನಿಮಿಷಕ್ಕೆ ಅತ್ತೆಯ ಉತ್ತರ ಬಂತು: 'ಚೆನ್ನಾಗಿದೆ. ಶುರುವಿನಲ್ಲಿ ಏನೋ ಗಲೀಜು ಇದೆ, ಅದನ್ನ ತೆಗೆದು ಕಳಿಸು.'