ಯಾವ ಮೊದಲಿನಂತೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1980ರಲ್ಲಿ ಸಿಡಿದ ಜ್ವಾಲಾಮುಖಿ, ಸೇಂಟ್ ಹೆಲೆನ್ಸ್ ಪರ್ವತದ ಬುಡದಲ್ಲಿರುವ ನೊರೆಗಲ್ಲಿನ (ಜ್ವಾಲಾಮುಖಿ ಉಗುಳಿದ, ತೂತುತೂತಾದ ಹಗುರ ಕಲ್ಲಿನ) ಬಯಲಿನಿಂದ ಮರಳಿ ಮೂರು ದಿನಗಳಾದರೂ ಅಲ್ಲಿ ಕೇಳಿದ ಒಂದು ಪ್ರಶ್ನೆಯೂ ಅದಕ್ಕೆ ಬಂದ ಮರುಪ್ರಶ್ನೆಯೂ ಕಿವಿಯಲ್ಲಿ ಹಾಗೇ ಉಳಿದಿವೆ. ನಮ್ಮ ಗುಂಪಿನಲ್ಲಿದ್ದ ನಿವೃತ್ತ ಎಂಜಿನಿಯರೊಬ್ಬರು, "ಇದೆಲ್ಲ ಮೊದಲಿನಂತಾಗಲು ಇನ್ನೆಷ್ಟು ವರ್ಷ ಬೇಕು?" ಎಂದರು. ಮಾರ್ಗದರ್ಶಿ ಮಹಿಳೆ ನಡಿಗೆ ನಿಲ್ಲಿಸದೆಯೇ, "ಯಾವ ಮೊದಲಿನಂತೆ?" ಎಂದು ಕೇಳಿದರು.

ಎಂಜಿನಿಯರರಿಗೆ ಅದು ಉಡಾಫೆಯಾಗಿ ಕಂಡಿರಬೇಕು. ಎಲ್ಲ ಕಾಮಗಾರಿಗೂ ಮುಕ್ತಾಯದ ದಿನಾಂಕವೊಂದು ಇರಲೇಬೇಕೆಂದು ನಂಬಿದ ಮನುಷ್ಯ ಅವರು. ಅವರನ್ನು ಹಾಸ್ಯ ಮಾಡುವ ಹಕ್ಕು ನನಗಿಲ್ಲ; ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೂ ಇತ್ತು.

1980ರ ಮೇ 18ರ ಬೆಳಿಗ್ಗೆ 8.32ಕ್ಕೆ ಪರ್ವತದ ಉತ್ತರದ ಮಗ್ಗುಲು ಕುಸಿದು, ಪಕ್ಕಕ್ಕೆ ಸಿಡಿದ ಸ್ಫೋಟವು ಸುಮಾರು 600 ಚದರ ಕಿಲೋಮೀಟರಿನ ಕಾಡನ್ನು ಹಾಳುಗೆಡವಿದ್ದನ್ನೂ 57 ಜನ ಸತ್ತದ್ದನ್ನೂ ಓದಿಕೊಂಡೇ ಹೋಗಿದ್ದೆ. ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಆ ಗಳಿಗೆಯನ್ನು. ಎತ್ತರದ ಇಳಿಜಾರುಗಳಲ್ಲಿ ಹಿಮವಿನ್ನೂ ಕರಗಿರಲಿಲ್ಲವಾದ್ದರಿಂದ ಅದರಡಿಯಲ್ಲಿ ಹುದುಗಿದ್ದ ಎಳೆಯ ಮರಗಳು ಎಷ್ಟೋ ಕಡೆ ಉಳಿದವು. ಬೆಳಗಾಗಿದ್ದರಿಂದ ಇರುಳಲ್ಲಿ ಮೇಯುವ ಎಷ್ಟೋ ಸಣ್ಣ ಪ್ರಾಣಿಗಳು ಬಿಲ ಸೇರಿದ್ದವು. ಅದೇ ಸ್ಫೋಟ ಬೇಸಿಗೆಯ ಒಂದು ರಾತ್ರಿ ಆಗಿದ್ದರೆ ಇಂದು ಅಲ್ಲಿ ಬೇರೆಯದೇ ಕಾಡು ಇರುತ್ತಿತ್ತು.

ನಾವು ನಡೆದ ಬಯಲಿಗೆ ಮಾತ್ರ ಆ ಅದೃಷ್ಟವೂ ಇರಲಿಲ್ಲ. ನೂರಾರು ಡಿಗ್ರಿ ಬಿಸಿಯಲ್ಲಿ ಹರಿದು ಬಂದ ನೊರೆಗಲ್ಲಿನಡಿ ಎಲ್ಲವೂ ಹೂತುಹೋಗಿತ್ತು. ಆ ಕಲ್ಲಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. 1982ರಲ್ಲಿ ಅಲ್ಲಿ ಕಂಡ ಮೊದಲ ಗಿಡ ಲ್ಯೂಪಿನ್. ತನ್ನ ಬೇರುಗಂಟಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಉಣ್ಣುವ ಅವರೆಯ ಕುಲದ ಗಿಡವದು. ದಾರಿಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಒಂದನ್ನು ನೋಡಿದೆ: ಅಂಗೈಯಗಲದ ಬೂದುಹಸಿರು ಗುಪ್ಪೆ, ಎಲೆಗಳ ಮೇಲೆ ನವಿರಾದ ರೋಮ, ಬುಡದಲ್ಲಿ ಗಾಳಿ ತಂದು ಸಿಕ್ಕಿಸಿದ ಕಸಕಡ್ಡಿ, ಎರಡು ಎಲೆಗಳಲ್ಲಿ ಹುಳು ತಿಂದ ತೂತು. ಈ ಹುಳುಗಳೇ ಲ್ಯೂಪಿನ್ ಹರಡುವುದನ್ನು ವರ್ಷಗಟ್ಟಲೆ ತಡೆದಿದ್ದವಂತೆ. ಚೇತರಿಕೆಯನ್ನು ಹಿಂದಕ್ಕೆಳೆಯುವವರೂ ಚೇತರಿಕೆಯ ಜೊತೆಗೇ ಬರುತ್ತಾರೆಂಬುದು ನನಗೇಕೋ ಹಿಡಿಸಿತು.

ಸ್ವಲ್ಪ ಮುಂದೆ ಬಿಳಿಚು ಕಲ್ಲಿನ ಮೇಲೆ ಮಣ್ಣಿನ ಸಣ್ಣ ಗುಡ್ಡೆಯಿತ್ತು. ನೆಲ ತೋಡುವ, ಹೆಗ್ಗಣದಂಥ ಗೋಫರ್ ಎಂಬ ಪ್ರಾಣಿಯ ಕೆಲಸ. 1983ರಲ್ಲಿ ವಿಜ್ಞಾನಿಗಳು ಕೆಲವು ಗೋಫರುಗಳನ್ನು ತಂದು ಬೇಲಿಯೊಳಗೆ ಒಂದೇ ಒಂದು ದಿನ ತೋಡಲು ಬಿಟ್ಟರು. ಅವು ಹಳೆಯ ಮಣ್ಣನ್ನೂ ಅದರೊಂದಿಗೆ ಬೇರುಗಳಿಗೆ ನೆರವಾಗುವ ಶಿಲೀಂಧ್ರಗಳನ್ನೂ ಮೇಲೆತ್ತಿದವು. ಆ ಒಂದು ದಿನದ ಗುರುತು ನಾಲ್ಕು ದಶಕಗಳ ನಂತರವೂ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಕಾಣುತ್ತದೆಂದು 2024ರ ಅಧ್ಯಯನವೊಂದು ತೋರಿಸಿತು.

"ಯಾವ ಮೊದಲಿನಂತೆ?" ಎಂಬುದು ಉಡಾಫೆಯಲ್ಲವೆಂದು ಅಲ್ಲಿಯೇ ಹೊಳೆಯಿತು. ಆ ಪರ್ವತ 1800ರಿಂದ 1857ರವರೆಗೂ ಆಗಾಗ ಸಿಡಿದಿತ್ತು; ಎಂಜಿನಿಯರರು ಮರಳಿ ಬಯಸುತ್ತಿದ್ದ ಕಾಡು ಬೆಳೆದದ್ದೂ ಇನ್ನೂ ಹಿಂದಿನ ಬೂದಿಯ ಮೇಲೆಯೇ. ಶಿಖರವೇ 400 ಮೀಟರ್ ತಗ್ಗಿರುವಾಗ ಯಾವ ವರ್ಷವನ್ನು ಅಳತೆಗೋಲಾಗಿ ಹಿಡಿಯುವುದು?

ಮರಳುವಾಗ ದಿಣ್ಣೆಯಿಂದ ಪರ್ವತದ ಉತ್ತರಕ್ಕಿರುವ ಸ್ಪಿರಿಟ್ ಸರೋವರ ಕಂಡಿತು. ದಡದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದುದನ್ನು ಮರಳೆಂದುಕೊಂಡಿದ್ದೆ. ಅವು ಸ್ಫೋಟಕ್ಕೆ ಉರುಳಿ 1980ರಿಂದಲೂ ತೇಲುತ್ತಿರುವ ಮರದ ದಿಮ್ಮಿಗಳು, ಗಾಳಿ ತಿರುಗಿದರೆ ಆಚೆ ದಡಕ್ಕೆ ಹೋಗುತ್ತವೆ. ಎಂಜಿನಿಯರರು ತಡೆಯಲಾರದೆ, "ಇವೆಲ್ಲ ಮುಳುಗುವುದು ಯಾವಾಗ?" ಎಂದರು.

"ಮುಳುಗುತ್ತಲೇ ಇವೆ. ಕೆಲವು ಬೇರು ಕೆಳಗಾಗಿ ಇಳಿದು ತಳದಲ್ಲಿ ನೆಟ್ಟಗೆ ನಿಂತಿವೆ," ಎಂದರು ಮಾರ್ಗದರ್ಶಿ. ಎಂಜಿನಿಯರರು ಬಹಳ ಹೊತ್ತು ನೀರನ್ನೇ ನೋಡಿದರು.