ಒಂದೇ ಮರಕ್ಕೆ ಮೈ ಉಜ್ಜಿದ ಹಂದಿಗಳು

ಕಾಡಂಚಿನ ಹೊಂಡದ ಹತ್ತಿರ ಕಾಡುಹಂದಿಯೊಂದು ಸತ್ತು ಬಿದ್ದಿದೆ ಅಂತ ಸುದ್ದಿ ಬಂತು. ಪಶುವೈದ್ಯೆಯಾಗಿರುವ ಗೆಳತಿ ಹೊರಟು ನಿಂತಳು. ಸಾಮಾನು ಹಿಡಿಯಲು ಯಾರಾದರೂ ಬೇಕಿತ್ತು, ನಾನೂ ಹೋದೆ.

ಹೆಣದಿಂದ ದೂರದಲ್ಲೇ ನನ್ನನ್ನು ನಿಲ್ಲಿಸಿದಳು. ಮೈಮೇಲೆ ಗಾಯವಿಲ್ಲ, ಉರುಳಿನ ಗುರುತೂ ಇಲ್ಲ. ಕಿವಿಯ ತುದಿ ನೀಲಿಗಟ್ಟಿತ್ತು, ಮೂಗಿನ ಬಳಿ ರಕ್ತ ಒಣಗಿತ್ತು. ಹೊಟ್ಟೆ ಕೊಯ್ದು ನೋಡುತ್ತಾಳೆ ಅಂದುಕೊಂಡಿದ್ದೆ. ಅವಳು ಕತ್ತಿ ತೆಗೆಯಲೇ ಇಲ್ಲ. ಹಂದಿಗಳನ್ನು ಕೊಲ್ಲುವ ಆಫ್ರಿಕನ್ ಹಂದಿ ಜ್ವರವಾಗಿದ್ದರೆ ರಕ್ತದ ತುಂಬಾ ವೈರಸ್ ಇರುತ್ತದೆ. ಅದು ಮಣ್ಣಿಗೆ ಚೆಲ್ಲಿದರೆ ಮುಗಿಯಿತು, ಮುಂದೆ ಬಂದ ಹಂದಿ ಅದನ್ನೇ ಮೂಸಿ ಕೆದರುತ್ತದೆ. ಹಾಗಾಗಿ ಮೂಗಿನ ಬಳಿಯ ರಕ್ತಕ್ಕೆ ಹತ್ತಿ ಕಡ್ಡಿ ಒರೆಸಿ, ಕೊಳವೆಗೆ ಹಾಕಿ ಮುಚ್ಚಿದಳು. 'ನೋಡಿದ ಮಾತ್ರಕ್ಕೆ ಇದೇ ರೋಗ ಅಂತ ಹೇಳೋಕಾಗಲ್ಲ, ಲ್ಯಾಬ್ ಹೇಳಬೇಕು' ಅಂದಳು.

ನನ್ನ ಕಣ್ಣು ಹೊಂಡದ ಪಕ್ಕದ ಮರದ ಮೇಲೆ ನಿಂತಿತು. ಮೊಣಕಾಲೆತ್ತರದವರೆಗೆ ತೊಗಟೆ ಸವೆದು, ಕೆಸರು ಮೆತ್ತಿಕೊಂಡಿತ್ತು. ಒಣಗಿದ ಆ ಕೆಸರಿನಲ್ಲಿ ಒರಟಾದ ಕಪ್ಪು ಕೂದಲು ಸಿಕ್ಕಿಕೊಂಡಿದ್ದವು. ಅವುಗಳ ನಡುವೆ ಬಿಳಿ ಕೂದಲು. ಆ ಕಾಡುಹಂದಿಗಳ ಮೈಯಲ್ಲಿ ಅಂಥ ಬಿಳಿ ಎಲ್ಲಿಂದ ಬರಬೇಕು? ಊರಿನ ಹಂದಿಗಳೂ ಇಲ್ಲೇ ಹೊರಳಿ, ಇದೇ ಮರಕ್ಕೆ ಮೈ ಉಜ್ಜಿ ಹೋಗಿದ್ದವು.

ಅಲ್ಲಿಂದ ಹತ್ತಿರದ ಮನೆಗೆ ಹೋದೆವು. ಹಂದಿಗಳನ್ನು ಬೆಳಗ್ಗೆ ಬಿಟ್ಟರೆ ಸಂಜೆ ತಾವಾಗಿಯೇ ಬರುತ್ತವೆ, ಕೆಲವು ಮಾರನೇ ದಿನ ಬರುತ್ತವೆ ಅಂದರು ಮನೆಯಾತ. ಹಿತ್ತಲಲ್ಲಿ ಬಿಳಿ ಹೆಣ್ಣು ಹಂದಿಯೊಂದು ಮಲಗಿ ಮರಿಗಳಿಗೆ ಹಾಲು ಕೊಡುತ್ತಿತ್ತು. ಅವುಗಳಲ್ಲಿ ಎರಡರ ಬೆನ್ನ ಮೇಲೆ ಕಂದು ಪಟ್ಟೆ, ಥೇಟ್ ಕಾಡುಹಂದಿ ಮರಿಯ ಹಾಗೆ. 'ಅಪ್ಪ ಕಾಡಿನವನು, ಮರಿ ಗಟ್ಟಿಮುಟ್ಟಾಗಿರ್ತವೆ' ಅಂತ ಅವರು ಖುಷಿಯಿಂದಲೇ ಹೇಳಿದರು. ಗೆಳತಿಯ ಮುಖದಲ್ಲಿ ನಗು ಬರಲಿಲ್ಲ. ಮರಿ ಹುಟ್ಟುವಷ್ಟು ಹತ್ತಿರ ಬಂದ ಮೇಲೆ ರೋಗ ದಾಟೋಕೆ ಏನು ಅಡ್ಡಿ?

ಇಂಥ ಕಡೆ ಎಲ್ಲರೂ ಬೈಯುವುದು ಕಾಡುಹಂದಿಯನ್ನೇ. ನನಗಂತೂ ಇದು ಅನ್ಯಾಯ ಅನಿಸುತ್ತದೆ. ಆಫ್ರಿಕಾದ ಕಾಡಿನ ಹಂದಿಗಳಾದ ವಾರ್ಟ್‌ಹಾಗ್‌ಗಳು ಈ ವೈರಸ್ ಇಟ್ಟುಕೊಂಡೂ ಆರಾಮಾಗಿ ಬದುಕುತ್ತವೆ, ನಿಜ. ಆದರೆ ಅದನ್ನು ಖಂಡ ದಾಟಿಸಿದವರು ಮನುಷ್ಯರು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಅದು ಬಂದದ್ದು ಹಡಗಿನಿಂದ ಎಸೆದ ಮಾಂಸದ ಎಂಜಲಿನ ಮೂಲಕ ಅಂತ ತಿಳಿದವರ ಅಂದಾಜು. 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ, ಹಂದಿಗಳಿಗೆ ಮಾತ್ರ ಉಳಿಗಾಲವಿಲ್ಲ. ಅಸ್ಸಾಂನ ಹುಲ್ಲುಗಾವಲಿನಲ್ಲಿ ಪಿಗ್ಮಿ ಹಾಗ್ ಅನ್ನುವ ಕುಳ್ಳ ಹಂದಿ ಇದೆ. ಎತ್ತರ ಒಂದಡಿಯೂ ಇಲ್ಲ. ಜಗತ್ತಿನಲ್ಲಿ ಉಳಿದಿರುವುದೇ ಕೆಲವು ನೂರು. ಬಿಟ್ಟು ಸಾಕಿದ ಹಂದಿಯ ಜ್ವರ ಅಲ್ಲಿಗೆ ಹೊಕ್ಕರೆ ಗತಿ ಏನು ಅಂತ ನೆನೆದರೆ ಹೊಟ್ಟೆ ತಳಮಳಿಸುತ್ತದೆ.

ತಡೆಯೋಕೆ ಆಗದ್ದೇನಲ್ಲ. ಬೆಲ್ಜಿಯಂನಲ್ಲಿ 2018ರಲ್ಲಿ ಕಾಡುಹಂದಿಗಳಿಗೆ ಈ ರೋಗ ಬಂದಾಗ ಬೇಲಿ ಹಾಕಿದರು, ಕಾಡೆಲ್ಲ ಹುಡುಕಿ ಹೆಣ ತೆಗೆದರು. ಸಾಕು ಹಂದಿಗೆ ದಾಟಲೇ ಇಲ್ಲ. 2020ರ ಹೊತ್ತಿಗೆ ದೇಶ ರೋಗಮುಕ್ತವಾಯಿತು.

ಆದರೆ ಕಟ್ಟಿ ಹಾಕಿದರೆ ಮೇವು ಯಾರು ಕೊಡುತ್ತಾರೆ? ಮನೆಯಾತ ಕೇಳಿದ್ದು ಅದನ್ನೇ. ಸುಮ್ನೆ ಹಟಕ್ಕೆ ಕೇಳಿದ್ದಲ್ಲ. ಹಂದಿ ತಾನೇ ಮೇಯ್ದು ಬರುವುದರಿಂದಲೇ ಅವರಿಗೆ ಸಾಕಲು ಆಗುತ್ತಿತ್ತು. ಗೆಳತಿ ಅವರ ಜೊತೆ ಕೂತು ಲೆಕ್ಕ ಹಾಕಿದಳು: ಹಂದಿ ಕಡಿಮೆ ಮಾಡುವುದು, ಎಂಜಲನ್ನು ಚೆನ್ನಾಗಿ ಕುದಿಸಿಯೇ ಹಾಕುವುದು, ಮೊದಲಿಗೆ ರಾತ್ರಿಯಾದರೂ ಒಳಗೆ ಕೂಡುವುದು. ಒಂಟಿ ಬೇಲಿ ಸಾಲದು, ಸಂದಿಯಲ್ಲಿ ಮೂತಿಗೆ ಮೂತಿ ತಾಗುತ್ತದೆ, ನಡುವೆ ಜಾಗ ಬಿಟ್ಟು ಎರಡು ಸಾಲು ಬೇಕು ಅಂತಲೂ ಹೇಳಿದಳು.

ವರದಿ ಬಂತು. ಆಫ್ರಿಕನ್ ಜ್ವರ ಅಲ್ಲ, ಕ್ಲಾಸಿಕಲ್ ಸ್ವೈನ್ ಫೀವರ್, ಅಂದರೆ ಬೇರೆಯದೇ ವೈರಸ್‌ನಿಂದ ಬರುವ ಹಂದಿ ಜ್ವರ. ಇದೂ ಕೊಲ್ಲುವ ರೋಗವೇ, ಆದರೆ ಲಸಿಕೆ ಇದೆ. ಗೆಳತಿ ಆ ಮನೆಯ ಹಂದಿಗಳಿಗೆ ಚುಚ್ಚಿದಳು. ಒಂದು ಸಾಲು ಬೇಲಿ ಎದ್ದಿದೆ, ಇನ್ನೊಂದಕ್ಕೆ ಕಂಬ ಬೇಕು. ಅಕ್ಕಪಕ್ಕದವರ ಹಂದಿಗಳು ಈಗಲೂ ಹೊಂಡಕ್ಕೆ ಹೋಗುತ್ತವೆ. ಅವರ ಮನೆಗಳಿಗೆ ಅವಳು ಹೊರಟಿದ್ದಾಳೆ, ಲಸಿಕೆ ಡಬ್ಬ ಹಿಡಿದು ನಾನೂ ಹೋಗುತ್ತೇನೆ.